ಎಡಗೈಯಲ್ಲಿ ಹೊಲಿದ ಗುಂಡಿ

ಅಕ್ಕನಿಗೆ ನಮಸ್ಕಾರ.

ಇಲ್ಲಿಯವರೆಗಿನ ಪತ್ರಗಳನ್ನೆಲ್ಲ ಮನೆಯವಳಿಂದ ಬರೆಸಿದ್ದೆ. ಇದು ನಾನೇ ಎಡಗೈಯಲ್ಲಿ ಬರೆದದ್ದು. ಕೋಳಿಕಾಲಿನ ಅಕ್ಷರ ಎಂದು ನಗಬೇಡ. ಲಕ್ವ ಹೊಡೆದ ಬಲಗೈ ಇನ್ನು ಹೊಲಿಗೆಗೆ ಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ನನ್ನ ಹೊಲಿಗೆ ಅಂಗಡಿಯನ್ನು ಪಕ್ಕದ ಇಸ್ತ್ರಿಯವನಿಗೆ ಕೊಡಲು ನೀನು ಮಾತಾಡಿದ್ದೀಯಂತೆ. ನನ್ನ ಒಳ್ಳೆಯದಕ್ಕೇ ಇರಬಹುದು. ಆದರೂ ಚಿಕಿತ್ಸೆಗೆಂದು ಊರು ಬಿಡುವಾಗ ನಿನ್ನ ಹತ್ತಿರ ಬಿಟ್ಟುಬಂದ ಬೀಗದ ಕೈ ಅವನಿಗೆ ಈಗಲೇ ಕೊಡಬೇಡ. ಭಾವನ ಕೋಟು ಅಂಗಡಿಯ ಗೊಂಬೆಯ ಮೇಲೇ ಇರಲಿ. ಅದಕ್ಕೆ ಬಲತೋಳು ಕೂಡಿಸುವುದು ಬಾಕಿಯಿದೆ, ಬೇರೆ ಯಾರೂ ಮುಟ್ಟಕೂಡದು.

ನನ್ನ ಹಳೇ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬಟ್ಟೆ ಕತ್ತರಿಸುವುದಿಲ್ಲ, ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಎಡಚರು ಬಳಸುವ ಕತ್ತರಿ ಎಲ್ಲಾದರೂ ಸಿಕ್ಕಿದರೆ ಕಳಿಸು. "ಬೆರಳೆಲ್ಲ ತೂತು ಮಾಡ್ಕೊಂಡಿದ್ದೀರಿ, ಸಾಕು ಬಿಡಿ" ಎಂದು ಇವಳು ದಿನಾ ಬಯ್ಯುತ್ತಾಳೆ. ಬಯ್ಯುತ್ತಲೇ ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ.

ಪತ್ರದ ಜೊತೆ ಒಂದು ಬಟ್ಟೆ ತುಂಡು ಇಟ್ಟಿದ್ದೇನೆ. ಅದರ ಮೇಲಿನ ಗುಂಡಿ ನಾನು ಹೊಲಿದದ್ದು. ತಮ್ಮನೆಂದು ಕನಿಕರ ಪಡದೆ ಜೋರಾಗಿ ಎಳೆದು ನೋಡು. ಕಿತ್ತು ಬಂದರೆ ಬೀಗದ ಕೈ ಆ ಇಸ್ತ್ರಿಯವನಿಗೇ ಕೊಟ್ಟುಬಿಡು.

ನಿನ್ನ ತಮ್ಮ