ಕಂಬಳಿ ಕೊಡವಿಸಿ ಒಳಗೆ ಬಿಡಿ

ಗಾವಡಗೆರೆ, ೧೯೫೪

ಕುಸ್ತಿ ಕಮಿಟಿಯ ಚನ್ನಬಸವಣ್ಣನವರಿಗೆ ನಮಸ್ಕಾರ.

ಹಾಗಲ್ಲ, ನಿನ್ನೆ ನೀವು ತೋರಿಸಿದ ಬಣ್ಣದ ಟಿಕೆಟ್ಟು, ಮುಂಗೈಗೆ ಒತ್ತುವ ಮೊಹರು ಎಲ್ಲ ಫಸ್ಟ್ ಕ್ಲಾಸ್. ಆದರೆ ಅವು ಕಾಸು ಕೊಡದವನನ್ನು ತಡೆಯುತ್ತವೆ, ಮಚ್ಚು ತಂದವನನ್ನಲ್ಲ. ಪಿರಿಯಾಪಟ್ಟಣದ ಕುಸ್ತಿಯಲ್ಲಿ ನನ್ನ ಹಿರಿಮಗನ ಕೈ ಕಡಿದ ಮಚ್ಚು ಕಂಬಳಿಯೊಳಗೆ ಬಂದಿತ್ತು, ಟಿಕೆಟ್ಟು ಕೊಂಡವನ ಜೊತೆಗೇ. ಅದಕ್ಕೇ ಈ ಭಾನುವಾರದ ಕುಸ್ತಿಗೆ, ಒಳಬರುವ ಬಾಗಿಲಲ್ಲಿ ದನದ ದೊಡ್ಡಿಗೆ ಕಟ್ಟುವಂತೆ ಅಡ್ಡಗಳ ಕಟ್ಟಿ, ಒಬ್ಬೊಬ್ಬರನ್ನೇ ನಿಲ್ಲಿಸಿ, ಹೊದ್ದ ಕಂಬಳಿ ಕೊಡವಿಸಿ. ಇಂಗ್ಲಿಷಿನಲ್ಲಿ ಇದಕ್ಕೆ 'ರೈಟ್ ಆಫ್ ಅಡ್ಮಿಷನ್' ಅಂತ ಏನೋ ಇತ್ತು, ಪೂರ್ತಿ ನೆನಪಿಲ್ಲ. ಗೌಡರೆಂದು, ನೆಂಟರೆಂದು ನೋ ಎಕ್ಸೆಪ್ಷನ್.

ಮೊದಲು ನನ್ನ ಕಿರಿಮಗ ಸಣ್ಣಬೀರಯ್ಯನದನ್ನೇ ಕೊಡವಿಸಿ. "ಸುಮ್ಕಿರಪ್ಪ, ಅಣ್ಣನ ಕೈ ಕಡಿದೋನ ಕತ್ತು ಕಡ್ದು ತತ್ತೀನಿ ಕಣ" ಅನ್ನುತ್ತಾನೆ. ಅವರವ್ವ ಬದುಕಿದ್ದರೆ ಕೇಳುತ್ತಿದ್ದ, ನನ್ನ ಮಾತು ಕೇಳುವುದಿಲ್ಲ. ಹಿತ್ತಲಲ್ಲಿ ಮಚ್ಚು ಮಸೆಯುತ್ತಾ ಕೂತಿದ್ದಾನೆ.

ಬೆಳಕು ಹೋಗುತ್ತಿದೆ, ಬರೆದದ್ದು ಕಾಣುತ್ತಿಲ್ಲ. ಮಸೆಯುವ ಸದ್ದೂ ಈಗ ನಿಂತಿತು.

ಇಂತಿ,
ಕುಳ್ಳಯ್ಯ