ದಿಂಬಿನ ಕೆಳಗಿನ ನಾಲ್ಕು ಮಾತ್ರೆ

ರೀ,

ಮಾವನಿಗೆ ಅಂತ ನಾನು ತಂದಿದ್ದು ಬಿಪಿ ಮಾತ್ರೆ ಅಲ್ಲ, ಸಕ್ಕರೆ ಕಾಯಿಲೆದು. ಇಂಗ್ಲಿಷಲ್ಲಿ ಎರಡರ ಹೆಸರೂ ಅವಳಿ ಮಕ್ಕಳ ಥರ. ಹನ್ನೊಂದು ವರ್ಷ ಔಷಧಿ ಅಂಗಡೀಲಿ ನಿಂತವಳು, ನಾನೇ ಎಡವಿದೆ. ಬೆಳಿಗ್ಗೆ ಡಾಕ್ಟರ ಚೀಟಿ ನೋಡಿದಾಗಲೇ ಗೊತ್ತಾಗಿದ್ದು.

ಓಡಿಹೋಗಿ ಕೇಳಿದರೆ, ಮಾವ ದಿಂಬು ಎತ್ತಿ ತೋರಿಸಿದರು. ನಾಲ್ಕು ದಿನದ ನಾಲ್ಕೂ ಮಾತ್ರೆ ಅಲ್ಲೇ ಇದ್ದವು. ನನ್ನೆದುರು ಬರೀ ನೀರು ಕುಡಿದಿದ್ದಾರೆ, ಪುಣ್ಯಾತ್ಮ. ಹೋದ ಜೀವ ಬಂತು.

ಡಾಕ್ಟರಿಗೆ ಫೋನ್ ಮಾಡಿದೆ, ಬಿಪಿನೂ ನೋಡಿದೆ, ಪರವಾಗಿಲ್ಲ. ಸರಿಯಾದ ಮಾತ್ರೆ ಫ್ರಿಜ್ ಮೇಲಿದೆ. ತಿಂಡಿ ಆದ್ಮೇಲೆ ಕೊಟ್ಟು, ನುಂಗೋವರೆಗೂ ಎದುರಿಗೇ ನಿಂತಿರಿ. ನಾಲಿಗೆ ಕೆಳಗೂ ನೋಡಿ.

ಬಚ್ಚಿಟ್ಟಿದ್ದಕ್ಕೆ ಮಾತ್ರ ಬೈಬೇಡಿ. ಬೈದರೆ ನಾನು ಬೈಬೇಕು, ಇವತ್ತು ನನಗೆ ಬಾಯಿಲ್ಲ.