ಅಂಬುಜಳ ಎಡಗಣ್ಣು

೨೦ ಆಗಸ್ಟ್ ೧೯೬೩, ಮಂಗಳವಾರ

ಅಂಬುಜಳ ಎಡಗಣ್ಣು ಹೋಯಿತು. ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ.

"ದೀಪದ ಸುತ್ತ ಬಣ್ಣದ ಬಳೆ ಕಾಣ್ಸತ್ತೆ ರೀ" ಎಂದು ಯುಗಾದಿಯ ಹೊತ್ತಿಗೇ ಹೇಳಿದ್ದಳು. ಮುಂದಿನ ವಾರ ಡಾಕ್ಟರಿಗೆ ತೋರಿಸೋಣ ಎಂದೆ. ಆಮೇಲೆ ತಾರಸಿಯ ರಿಪೇರಿ ಬಂತು, ಆಫೀಸಿನ ಆಡಿಟ್ ಬಂತು, ಆಷಾಢ ಕಳೆಯಲಿ ಎಂದೆ. ಇವತ್ತು ಡಾಕ್ಟರು, "ಇಷ್ಟು ದಿನ ಏನ್ ಮಾಡ್ತಿದ್ರಿ ಸಾರ್?" ಎಂದರು. ಕಣ್ಣೊಳಗಿನ ಒತ್ತಡ ನರವನ್ನೇ ಕೊಂದಿದೆಯಂತೆ. ಬಲಗಣ್ಣಾದರೂ ಉಳಿಯಬೇಕಾದರೆ ದಿನವೂ ತಪ್ಪದೆ ಔಷಧಿ ಹಾಕಬೇಕು.

ಸೋಮಾರಿ ಎಂದು ನನ್ನನ್ನು ನಾನೇ ಬೈದುಕೊಂಡು ಸುಮ್ಮನಾಗಬಹುದು. ಆದರೆ ಅದು ಸೋಮಾರಿತನವಲ್ಲ, ಹೆದರಿಕೆ. ತೋರಿಸದೆ ಇರುವವರೆಗೂ ಏನೂ ಆಗಿಲ್ಲ ಎಂದುಕೊಂಡಿರಬಹುದಿತ್ತು. ಆ ನೆಮ್ಮದಿಗಾಗಿ ಕೈಹಿಡಿದವಳ ಕಣ್ಣನ್ನು ತೆತ್ತೆ.

ಜಯನಗರದಲ್ಲಿ ಬಸ್ಸು ಇಳಿದೆವು. ಮನೆಯ ಮೆಟ್ಟಿಲಲ್ಲಿ ಎಡವಿದವಳು, "ನೀವೇನು ಬೇಕೂಂತ ಮಾಡಿದ್ರಾ, ಬಿಡಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಔಷಧಿ ಹಾಕಲು ಹೋದರೆ, "ನಿದ್ದೆ ಬರ್ತಿದೆ, ಬೆಳಿಗ್ಗೆ ಹಾಕಿ" ಎಂದಳು. ಸರಿ ಎಂದು ಸೀಸೆ ಕೆಳಗಿಟ್ಟು ಬಾಗಿಲ ತನಕ ಬಂದೂಬಿಟ್ಟೆ. ಇವತ್ತೂ! ತಿರುಗಿ ಹೋಗಿ ಎಬ್ಬಿಸಿದೆ. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ಬಲಗಣ್ಣಿಗೆ.

ಇನ್ನು ಇದ್ದಷ್ಟು ದಿನವೂ ಹೀಗೆಯೇ. ನನ್ನನ್ನು ನಂಬಿ ಅವಳು ನಿದ್ದೆ ಹೋಗಿದ್ದಾಳೆ. ನನಗೆ ಮಾತ್ರ ನನ್ನ ಮೇಲೆ ನಂಬಿಕೆಯಿಲ್ಲ.